ಫರ್ಸಿ ಕೆಳಗಿನ ಹೆಗ್ಗಣ: ಗಂಗಾವತಿಯ ಒಂದು ಹಿತ್ತಲಿನ ಕಥೆ

ಮೊದಲು ಗೊತ್ತಾಗಿದ್ದು ಸದ್ದಿನಿಂದ. ನಮ್ಮ ಹಿತ್ತಲಲ್ಲಿ ಶಹಾಬಾದ್ ಫರ್ಸಿ ಹಾಸಿದೆ. 2024ರ ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವ್ವ ತುಂಬಿದ ಕೊಡ ತಂದು ಅದರ ಮೇಲೆ ಇಟ್ಟಾಗ ‘ಡಬ್’ ಅಂತು, ಡೊಳ್ಳು ಬಾರಿಸಿದ ಹಾಗೆ. ನಾನು ಹೋಗಿ ಐದು ರೂಪಾಯಿ ನಾಣ್ಯದಿಂದ ಒಂದೊಂದೇ ಕಲ್ಲು ತಟ್ಟಿ ನೋಡಿದೆ. ಗೋಡೆ ಕಡೆಯ ನಾಲ್ಕು ಕಲ್ಲು ಟಣ್ ಟಣ್ ಅಂದವು, ಬಟ್ಟೆ ಒಗೆಯುವ ಕಲ್ಲಿನ ಸುತ್ತ ಇರುವ ಆರು ಕಲ್ಲು ಡಬ ಡಬ ಅಂದವು. ಅಂದರೆ ಕೆಳಗೆ ಮಣ್ಣೇ ಇಲ್ಲ. ಮೂಲೆಯಲ್ಲಿ, ತುಳಸಿ ಕಟ್ಟೆ ಹಿಂದೆ, ಒಂದು ಬುಟ್ಟಿಯಷ್ಟು ಹೊಸ ಮಣ್ಣು ಗುಡ್ಡೆ ಬಿದ್ದಿತ್ತು, ಪಕ್ಕದಲ್ಲಿ ಮುಷ್ಟಿ ಸಲೀಸಾಗಿ ಹೋಗುವಷ್ಟು ದೊಡ್ಡ ತೂತು.

ಹೆಗ್ಗಣ. ಇಲ್ಲಿ ತೆಲುಗು ಮಾತಾಡುವವರು ಪಂದಿಕೊಕ್ಕು ಅಂತಾರೆ, ಹಂದಿ ಇಲಿ ಅಂತ ಅರ್ಥ. ಇಂಗ್ಲಿಷಿನ ಬ್ಯಾಂಡಿಕೂಟ್ ಅನ್ನೋ ಪದ ಹುಟ್ಟಿದ್ದೂ ಇದರಿಂದಲೇ. ಒಮ್ಮೆ ಎದುರಿಗೆ ಸಿಕ್ಕಿಹಾಕಿಕೊಂಡು ಅದು ಕೂದಲು ನಿಮಿರಿಸಿ ಗುರ್ ಅಂದಿದ್ದನ್ನು ಕೇಳಿದವರಿಗೆ ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆ ಊರ ಅಂಚಿನ ಲೇಔಟ್‌ನಲ್ಲಿದೆ. ಹಿಂದೆ ಗಟಾರ, ಗಟಾರದ ಆಚೆ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು. ಆ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಬೆಳೆ ಕೈಬಿಟ್ಟಿತು ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತಿದ್ದರು, ಆಮೇಲೆ ಗೇಟು ಕೂರಿಸಿ, ಮಳೆ ಬಂದು, ಡ್ಯಾಮು ತುಂಬಿ, ಭತ್ತವೂ ಬಂತು. ನವೆಂಬರ್‌ನಲ್ಲಿ ಮಷಿನ್ ಇಳಿದು ಗದ್ದೆ ಬೋಳಾದ ಮೇಲೆ ಅಲ್ಲಿದ್ದ ಇಲಿ ಹೆಗ್ಗಣಗಳೆಲ್ಲ ಮನೆಗಳ ಕಡೆ ಮುಖ ಮಾಡುತ್ತವೆ. ಪ್ರತಿ ಕೊಯ್ಲಿಗೂ ಇದೇ ಕಥೆ. ನಾನು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು, ಹೆಗ್ಗಣ ನನಗೆ ಹೊಸದಲ್ಲ. ಆದರೆ ಮಿಲ್‌ನ ಹೆಗ್ಗಣ ಬೇರೆಯವರ ಹೆಗ್ಗಣ, ಅಲ್ವಾ?

ವಿಷ ಹಾಕಬಾರದು ಅಂತ ಮೊದಲೇ ತೀರ್ಮಾನ ಆಗಿತ್ತು. ಇದು ದೊಡ್ಡ ದಯೆಯಿಂದ ಬಂದ ತೀರ್ಮಾನ ಅಂತ ಹೇಳಿಕೊಳ್ಳಲಾರೆ. ಅದರ ಹಿಂದಿನ ವರ್ಷ ನಾನು ಅಂಗಡಿಯಿಂದ ಬ್ರೋಮಾಡಿಯೋಲೋನ್ ಬಿಲ್ಲೆ ತಂದು ಇಟ್ಟಿದ್ದೆ. ಅದು ತಿಂದ ತಕ್ಷಣ ಕೊಲ್ಲುವ ವಿಷ ಅಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಪ್ರಾಣಿ ಒಳಗೊಳಗೇ ರಕ್ತ ಸೋರಿ ಕೆಲವು ದಿನ ಬಿಟ್ಟು ಸಾಯುತ್ತದೆ. ಎಲ್ಲಿ ಸಾಯಬೇಕು ಅನ್ನೋದು ಅದರ ಇಷ್ಟ. ನಮ್ಮದು ಅಡುಗೆಮನೆ ಗೋಡೆಯ ಬುನಾದಿ ಕೆಳಗೆ ಸತ್ತಿತು. ಹನ್ನೊಂದು ದಿನ ಆ ವಾಸನೆಯಲ್ಲಿ ಉಂಡಿದ್ದೇವೆ. ಅದೇ ವಾರ ಅವ್ವ ಸಾಕಿದ್ದ ಕಂದು ಬೆಕ್ಕು ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದು ಬಾಗಿಲಲ್ಲಿ ಮಲಗಿತು, ಮತ್ತೆ ಏಳಲಿಲ್ಲ. ವಿಷ ತಿಂದು ತೂರಾಡುವ ಇಲಿಯನ್ನು ಹಿಡಿಯುವುದು ಬೆಕ್ಕಿಗೂ ಗೂಬೆಗೂ ಸುಲಭ, ವಿಷ ಅವಕ್ಕೂ ದಾಟುತ್ತದೆ. ಅವ್ವ ನನ್ನನ್ನು ಬಯ್ಯಲಿಲ್ಲ. ಸುಮ್ನೆ ಬೆಕ್ಕಿನ ಹಾಲಿನ ಬಟ್ಟಲು ತೊಳೆದು ಮಾಡಿನ ಮೇಲೆ ಇಟ್ಟಳು. ಬೈದಿದ್ದರೆ ವಾಸಿ ಇತ್ತು.

ಅದಕ್ಕೇ ಈ ಸಲ ಒಬ್ಬ ಪೆಸ್ಟ್ ಕಂಟ್ರೋಲ್‌ನವನು ಬಂದು ನೋಡಿ, 6,500 ರೂಪಾಯಿ, ಬಿಲದೊಳಗೆ ಮಾತ್ರೆ ಹಾಕಿ ಬಾಯಿ ಮುಚ್ಚುತ್ತೇನೆ ಅಂದಾಗ ಬೇಡ ಅಂದೆ. ಅವನು ಹೇಳಿದ್ದು ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ. ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮಿಲ್‌ಗಳಲ್ಲಿ ಧಾನ್ಯಕ್ಕೆ ಟಾರ್ಪಾಲಿನ್ ಮುಚ್ಚಿ ಇದನ್ನೇ ಹಾಕುತ್ತಾರೆ, ಆ ದಿನ ಗೋಡೌನ್ ಹತ್ತಿರ ಯಾರನ್ನೂ ಬಿಡುವುದಿಲ್ಲ. ಬಿಲ ಮಲಗುವ ಕೋಣೆ ಕೆಳಗೆ ಎಲ್ಲಿ ಹೋಗಿದೆಯೋ ಯಾರಿಗೆ ಗೊತ್ತು? ಫರ್ಸಿ ಸಂದಿಯಲ್ಲಿ ಆ ಗಾಳಿ ಮೇಲೆ ಬಂದರೆ ಹೆಗ್ಗಣಕ್ಕಿಂತ ಮೊದಲು ನಾವು ಹೋಗುತ್ತೇವೆ. ಇದು ಮನೆ ಸುತ್ತ ಆಡುವ ಸಾಮಾನೇ ಅಲ್ಲ.

ಅಂಟು ಹಲಗೆಯೂ ಬೇಡ. ಎದುರು ಮನೆಯವರು ಇಟ್ಟಿದ್ದರು, ಅದಕ್ಕೆ ಸಿಕ್ಕಿದ್ದು ಒಂದು ಅಳಿಲು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೂ 2020ರಲ್ಲೂ ಇದನ್ನು ನಿಲ್ಲಿಸಿ ಅಂತ ರಾಜ್ಯಗಳಿಗೆ ಬರೆದಿದೆ. ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ.

ಮೊದಲ ಮೂರು ವಾರ ನಾನು ಮಾಡಿದ ದಂಡದ ಕೆಲಸ

ಮೊದಲು ಡಾಂಬರು ಗುಳಿಗೆ. 120 ರೂಪಾಯಿ. ಬಯಲಿನಲ್ಲಿ ಆ ವಾಸನೆ ಎಷ್ಟು ಹೊತ್ತು ನಿಲ್ಲುತ್ತದೆ? ಬೆಳಿಗ್ಗೆ ನೋಡಿದರೆ ಗುಳಿಗೆಗಳನ್ನು ಮಣ್ಣಿನ ಜೊತೆ ಹೊರಗೆ ತಳ್ಳಿತ್ತು.

ಆಮೇಲೆ ಮೆಣಸಿನಕಾಯಿ ಹೊಗೆ. ಹಳೆಯ ಕೊಡದ ತಳಕ್ಕೆ ತೂತು ಮಾಡಿ, ಒಳಗೆ ಒಣಹುಲ್ಲು, ಮೇಲೆ ಒಂದು ಹಿಡಿ ಮೆಣಸಿನಕಾಯಿ, ಬಿಲದ ಬಾಯಿಗೆ ಬೋರಲು ಹಾಕಿ ಊದೋದು. ಗದ್ದೆ ಬದುವಿನಲ್ಲಿ ನಮ್ಮ ಅಜ್ಜ ಮಾಡುತ್ತಿದ್ದದ್ದು. ಹೊಗೆ ಫರ್ಸಿ ಸಂದಿಗಳಿಂದ ಎದ್ದು, ಓಣಿಯೆಲ್ಲ ಕೆಮ್ಮಿ, ಪಕ್ಕದ ಮನೆಯ ಕೂಸು ಅತ್ತು, ನಾನು ಎರಡು ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬಂದೆ. ಎರಡನೇ ರಾತ್ರಿ ಹೆಗ್ಗಣ ವಾಪಸ್.

799 ರೂಪಾಯಿ ಕೊಟ್ಟು ತರಿಸಿದ ಅಲ್ಟ್ರಾಸೋನಿಕ್ ಯಂತ್ರದ ವಿಷಯ ಹೇಳೋಕೆ ನಾಚಿಕೆ. ಆ ಸದ್ದು ಗೋಡೆಯನ್ನೇ ದಾಟುವುದಿಲ್ಲ, ಇನ್ನು ಮಣ್ಣೊಳಗೆ ಹೇಗೆ ಹೋಗಬೇಕು? ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಇಂಥ ಯಂತ್ರ ಮಾರುವವರಿಗೆ, ನಿಮ್ಮ ಮಾತಿಗೆ ಪುರಾವೆ ಇಟ್ಟುಕೊಳ್ಳಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ಈಗ ಅದು ನಮ್ಮಲ್ಲಿ ರಾತ್ರಿ ದೀಪದ ಕೆಲಸ ಮಾಡುತ್ತಿದೆ, ಹಸಿರು ಬೆಳಕು ಚೆನ್ನಾಗಿದೆ.

ಬಿಲಕ್ಕೆ ಪೈಪ್ ಇಟ್ಟು ನೀರು ಬಿಡು ಅಂತ ಇಬ್ಬರು ಹೇಳಿದರು. ಅದನ್ನು ಮಾತ್ರ ಮಾಡಲಿಲ್ಲ, ನೀವೂ ಮಾಡಬೇಡಿ. ನಮ್ಮದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಬುನಾದಿ ಪಕ್ಕದಲ್ಲಿ ನಾವೇ ನೀರು ತುಂಬಿಸಿದರೆ ಹೆಗ್ಗಣ ಮಾಡದ ಹಾಳನ್ನು ನಾವು ಮಾಡಿದ ಹಾಗೆ.

ಕೊನೆಗೆ 450 ರೂಪಾಯಿಯ ದೊಡ್ಡ ಬೋನು. ಇದು ಕೆಲಸ ಮಾಡಿತು, ಅರ್ಧ. ಹೊಸ ಸಾಮಾನು ಕಂಡರೆ ಹೆಗ್ಗಣ ಹತ್ತಿರ ಬರುವುದಿಲ್ಲ, ಹಾಗಾಗಿ ಮೂರು ರಾತ್ರಿ ಬಾಗಿಲು ಕಟ್ಟಿಟ್ಟು ಸುಮ್ನೆ ಊಟ ಹಾಕಬೇಕು. ನಾನು ಮಿರ್ಚಿ ಭಜಿ ಇಡುತ್ತಿದ್ದೆ, ಒಳಗಿನ ಮೆಣಸಿನಕಾಯಿ ತೆಗೆದು. ನಾಲ್ಕನೇ ರಾತ್ರಿ ಬಾಗಿಲು ಬಿಚ್ಚಿಟ್ಟೆ, ಒಂದು ಬಿತ್ತು. ಬೆಳಿಗ್ಗೆ ಹೊತ್ತಿಗೆ ಬೋನಿನ ತಂತಿ ಕಚ್ಚಿ ಕಚ್ಚಿ ಮೂತಿ ಕೆಂಪಾಗಿತ್ತು. ಬಿದ್ದ ಪ್ರಾಣಿಯನ್ನು ಬಿಸಿಲೇರುವ ತನಕ ಹಾಗೇ ಬಿಡಬಾರದು, ಬೆಳಿಗ್ಗೆ ಎದ್ದ ಕೂಡಲೇ ನೋಡಬೇಕು, ಗೋಣಿಚೀಲ ಮುಚ್ಚಿದರೆ ಸುಮ್ಮನಾಗುತ್ತದೆ.

ಬಿಡೋದು ಎಲ್ಲಿ? ಸುತ್ತ ಎಲ್ಲ ಗದ್ದೆ. ಇನ್ನೊಬ್ಬರ ಹೊಲದಲ್ಲಿ ಬಿಟ್ಟರೆ ಅದು ಅವರಿಗೆ ಕಳಿಸಿದ ಪಾರ್ಸೆಲ್. ಉಪಕಾಲುವೆ ಆಚೆ, ಸುಮಾರು 300 ಮೀಟರ್ ದೂರ, ಪಾಳು ಜಾಗದಲ್ಲಿ ಬಿಟ್ಟೆ. ಬಿಡುವ ಮೊದಲು ನನ್ನ ಮಗಳು ಒಂದು ಕೆಲಸ ಮಾಡಿದ್ದಳು. ಪೊರಕೆ ಕಡ್ಡಿಗೆ ಕೆಂಪು ನೈಲ್ ಪಾಲಿಶ್ ಅದ್ದಿ, ಬೋನಿನ ಹೊರಗಿಂದಲೇ ಅದರ ಬಾಲಕ್ಕೆ ಮೂರು ಗೆರೆ ಎಳೆದಿದ್ದಳು. ನಾನು ಬೈದೆ. ಐದನೇ ದಿನ ಮತ್ತೆ ಬೋನಿಗೆ ಒಂದು ಬಿತ್ತು. ಬಾಲದಲ್ಲಿ ಮೂರು ಕೆಂಪು ಗೆರೆ.

ಇನ್ನೂ ದೂರ, ಬೆಟ್ಟದ ಬಂಡೆಗಳ ಕಡೆ ಬಿಡಬಹುದಿತ್ತು. ಆದರೆ ಗೊತ್ತಿಲ್ಲದ ಜಾಗದಲ್ಲಿ ಬಿಲ ಇಲ್ಲದೆ, ಊಟ ಇಲ್ಲದೆ ಅದು ಎಷ್ಟು ದಿನ ಬದುಕುತ್ತದೆ? ನನ್ನ ಕೈಗೆ ರಕ್ತ ಅಂಟಿಲ್ಲ ಅನ್ನೋ ಸಮಾಧಾನ ಮಾತ್ರ. ಅದಕ್ಕಿಂತ ಮುಖ್ಯ, ಒಂದು ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಕೆಂಪು ಬಾಲದ್ದನ್ನು ಸಂಜೆ ಹಿತ್ತಲಲ್ಲೇ ಬಿಟ್ಟುಬಿಟ್ಟೆ. ಓಡಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನುಗ್ಗಿತು. ತುಳಸಿ ಕಟ್ಟೆ ಹಿಂದಿನ ಬಿಲಕ್ಕಲ್ಲ, ಇಲ್ಲಿಗೆ. ಆಗ ನನಗೆ ಸಣ್ಣ ಅನುಮಾನ ಬಂತು.

ರಂಗೋಲಿ

ಅಲ್ಲಿಯವರೆಗೆ ನನ್ನ ತಲೆಯಲ್ಲಿ ತಪ್ಪಿತಸ್ಥರು ಪಕ್ಕದ ಮನೆಯವರು. ಅವರು ಕೋಳಿ ಸಾಕಿದ್ದಾರೆ, ಕಾಳು ಚೆಲ್ಲುತ್ತಾರೆ, ಅದಕ್ಕೇ ಹೆಗ್ಗಣ ಬಂದಿವೆ ಅಂತ ನಾನು ಊರಿಗೆಲ್ಲ ಹೇಳಿದ್ದೆ.

ಒಂದು ಸಂಜೆ ಎರಡು ಕೆಲಸ ಮಾಡಿದೆ. ಹಿತ್ತಲಲ್ಲೂ ಗೋಡೆ ಆಚೆಯೂ ಇರುವ ಬಿಲದ ಬಾಯಿಗಳನ್ನೆಲ್ಲ ಎಣಿಸಿದೆ, ಹನ್ನೊಂದು ಸಿಕ್ಕವು. ಎಲ್ಲಕ್ಕೂ ಹಸಿ ಮಣ್ಣು ತೆಳುವಾಗಿ ಮೆತ್ತಿದೆ. ಹೊಲಗಳಲ್ಲಿ ಇಲಿ ಲೆಕ್ಕ ಹಾಕುವ ರೀತಿ ಇದು, ಬೆಳಿಗ್ಗೆ ತೆರೆದಿರುವ ಬಾಯಿ ಮಾತ್ರ ಬಳಕೆಯಲ್ಲಿದೆ ಅಂತ ಅರ್ಥ. ಎರಡನೆಯದು, ಅವ್ವನ ರಂಗೋಲಿ ಡಬ್ಬಿಯಿಂದ ಬಿಳಿ ಪುಡಿ ತಗೊಂಡು ಗೋಡೆ ಬುಡ, ಕೋಳಿ ಗೂಡಿನ ಕಡೆಯ ಸಂದಿ, ಬಟ್ಟೆ ಕಲ್ಲಿನ ಸುತ್ತ, ಎಲ್ಲ ಕಡೆ ಜರಡಿಯಲ್ಲಿ ಉದುರಿಸಿದೆ.

ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಕೂತೆ. ಹನ್ನೊಂದರಲ್ಲಿ ನಾಲ್ಕು ಮಾತ್ರ ತೆರೆದಿದ್ದವು. ಕೋಳಿ ಗೂಡಿನ ಕಡೆ ಪುಡಿ ಹಾಕಿದ್ದು ಹಾಕಿದ ಹಾಗೇ ಇತ್ತು, ಒಂದು ಹೆಜ್ಜೆ ಇಲ್ಲ. ಬಟ್ಟೆ ಕಲ್ಲಿನ ಸುತ್ತ ಮಾತ್ರ ಜಾತ್ರೆ. ಸಣ್ಣ ಬೆರಳುಗಳ ಗುರುತು, ನಡುವೆ ಬಾಲ ಎಳೆದ ಗೆರೆ, ಎಲ್ಲವೂ ಮುಸುರಿ ನೀರು ಹೋಗುವ ತೂತಿನ ಪಕ್ಕದ ಸಂದಿಯಿಂದ ಬಂದು ಅಲ್ಲಿಗೇ ಹೋಗಿದ್ದವು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಅಂತ ಗಾದೆ. ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿತ್ತು.

ಗೌಂಡಿಯನ್ನು ಕರೆಸಿ ಒಂದು ಫರ್ಸಿ ಎತ್ತಿಸಿದೆವು. ಎತ್ತುವ ಮೊದಲು ಉದ್ದ ಕೋಲಿನಿಂದ ಕಲ್ಲು ಬಡಿದು ಸ್ವಲ್ಪ ಹೊತ್ತು ಕಾದೆವು. ಹಾವು ತಾನಾಗಿ ಬಿಲ ತೋಡುವುದಿಲ್ಲ, ಹೆಗ್ಗಣದ್ದನ್ನೇ ಸೇರಿಕೊಳ್ಳುತ್ತದೆ, ಹಾಗಾಗಿ ಬಿಲಕ್ಕೆ ಬರಿಗೈ ಹಾಕೋದು ಹುಚ್ಚುತನ. ಇನ್ನೊಂದು ಮಾತು, ಇಲಿ ಜ್ವರ ಅನ್ನುವ ಲೆಪ್ಟೋಸ್ಪೈರೋಸಿಸ್ ಹರಡುವುದು ಅವುಗಳ ಮೂತ್ರದಿಂದ. ಕಾಲಿಗೆ ಗಾಯ ಇದ್ದರೆ ಆ ಕೆಸರಿಗೆ ಇಳಿಯಬೇಡಿ. ರಬ್ಬರ್ ಗ್ಲೌಸ್, ಬೂಟು, ಆಮೇಲೆ ಸೋಪು.

ಕಲ್ಲಿನ ಕೆಳಗೆ ಕಂಡದ್ದು ಇಷ್ಟು. ಮುಸುರಿ ನೀರಿನ ನಾಲ್ಕು ಇಂಚಿನ ಪೈಪು ಗೋಡೆ ಕೆಳಗಿಂದ ಗಟಾರಕ್ಕೆ ಹೋಗಿದೆ. ಅದರ ಮೊದಲ ಜಾಯಿಂಟು ಕಳಚಿ ಮೂರು ಬೆರಳಿನಷ್ಟು ಬಾಯಿ ಬಿಟ್ಟಿದೆ. ಗಟಾರದ ತುದಿಗೆ ಜಾಲಿ ಇಲ್ಲ. ಹೆಗ್ಗಣ ಗಟಾರದಿಂದ ಪೈಪಿನೊಳಗೆ ಹತ್ತಿ, ಕಳಚಿದ ಜಾಯಿಂಟಿನಲ್ಲಿ ಇಳಿದು, ಅಲ್ಲೇ ಮನೆ ಮಾಡಿಕೊಂಡಿದೆ. ಪಾತ್ರೆ ತೊಳೆದ ಅನ್ನ, ಬೇಳೆ, ರೊಟ್ಟಿ ಚೂರು ಎಲ್ಲ ಅದೇ ಸಂದಿಯಲ್ಲಿ ಸೋರಿ ಬೀಳುತ್ತಿತ್ತು. ದಿನಕ್ಕೆ ಎರಡು ಹೊತ್ತು, ಮನೆ ಬಾಗಿಲಿಗೇ, ಬಿಸಿ ಬಿಸಿ. ನಾನಾಗಿದ್ದರೂ ಬಿಟ್ಟು ಹೋಗುತ್ತಿರಲಿಲ್ಲ.

ಅಷ್ಟರಲ್ಲಿ ಒಳಗಿಂದ ಕಿಚಿ ಕಿಚಿ ಅಂತ ಸದ್ದು ಬಂತು. ಮರಿಗಳು. ಗೌಂಡಿ ಸಿಮೆಂಟ್ ಕಲಸಲು ಶುರು ಮಾಡಿದ್ದ. ಅವ್ವ ಬಂದು ಬಗ್ಗಿ ಕೇಳಿ, “ಇವತ್ತ ಬ್ಯಾಡ. ಬಾಣಂತಿ ಐತಿ” ಅಂದಳು. ಗೌಂಡಿ ನನ್ನ ಮುಖ ನೋಡಿದ. ಅವನ ಅರ್ಧ ದಿನದ ಕೂಲಿ ಕೊಟ್ಟು ಕಳಿಸಿದೆ.

ಕಾದ ಒಂದು ತಿಂಗಳು

ಹೆಗ್ಗಣದ ಮರಿ ಹಾಲು ಬಿಟ್ಟು ತಾನೇ ಓಡಾಡೋಕೆ ಸುಮಾರು ನಾಲ್ಕು ವಾರ ಬೇಕು. ತಾಯಿಯನ್ನು ಹೊರಗಿಟ್ಟು ಬಿಲ ಮುಚ್ಚಿದರೆ ಮರಿಗಳು ಒಳಗೆ ಸಾಯುತ್ತವೆ, ತಾಯಿ ಗೋಡೆಯನ್ನೇ ಅಗೆದು ಒಳಗೆ ಬರಲು ನೋಡುತ್ತದೆ, ನಮಗೆ ಮತ್ತೆ ಅದೇ ಹನ್ನೊಂದು ದಿನದ ವಾಸನೆ. ದಯೆಯ ಲೆಕ್ಕ, ಸ್ವಾರ್ಥದ ಲೆಕ್ಕ, ಎರಡೂ ಇಲ್ಲಿ ಒಂದೇ ಮೊತ್ತಕ್ಕೆ ಬಂದವು.

ಸುಮ್ನೆ ಕೂರಲಿಲ್ಲ. ಆ ತಿಂಗಳು ಪೂರ್ತಿ ಹಿತ್ತಲಲ್ಲಿ ಪಾತ್ರೆ ತೊಳೆಯೋದು ಬಂದ್. ಮುಂದಿನ ನಲ್ಲಿ ಹತ್ತಿರ ತೊಳೆದು, ಕಲಗಚ್ಚನ್ನೆಲ್ಲ ಬಕೆಟ್‌ನಲ್ಲಿ ಹಿಡಿದು ಮೂರನೇ ಮನೆಯವರ ಎಮ್ಮೆಗೆ ಕೊಟ್ಟೆವು. ಹಿತ್ತಲಲ್ಲಿ ಪೇರಿಸಿದ್ದ ಹಳೆ ಕಟ್ಟಿಗೆ, ಮುರಿದ ಹಲಗೆ, ಹೆಂಚು ಎಲ್ಲ ತೆಗೆದು ಬಯಲು ಮಾಡಿದೆವು. ಹೆಗ್ಗಣಕ್ಕೆ ತೆರೆದ ಜಾಗ ದಾಟೋದು ಅಂದರೆ ಭಯ, ಗೋಡೆಗೆ ಮೈ ತಾಗಿಸಿಕೊಂಡೇ ಓಡಾಡುವ ಪ್ರಾಣಿ ಅದು. ಮಗಳಿಗೆ ದಿನಾ ಬೆಳಿಗ್ಗೆ ರಂಗೋಲಿ ಪುಡಿಯ ಹೆಜ್ಜೆ ಎಣಿಸುವ ಕೆಲಸ. ಮೂರನೇ ವಾರದಲ್ಲಿ ಹೆಜ್ಜೆಗಳು ಜಾಸ್ತಿ ಆದವು, ಸಣ್ಣ ಸಣ್ಣವು. ಮರಿಗಳು ಹೊರಗೆ ಬರುತ್ತಿವೆ ಅಂತ ಗೊತ್ತಾಯಿತು. ಐದನೇ ವಾರದ ಹೊತ್ತಿಗೆ ಒಳಗೆ ಸದ್ದಿಲ್ಲ.

ಆಮೇಲೆ ಒಂದು ಕಡೆಯಿಂದ ಮಾತ್ರ ತೆರೆಯುವ ಬಾಗಿಲು ಮಾಡಿದೆ. ಒಂದು ಅಡಿ ಪೈಪ್ ತುಂಡು, ಅದರ ಹೊರ ತುದಿಗೆ ಮೇಲಿನಿಂದ ನೇತಾಡುವ ಮುಚ್ಚಳ. ಒಳಗಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿಂದ ತಳ್ಳಿದರೆ ಪೈಪಿನ ಅಂಚಿಗೆ ಕೂರುತ್ತದೆ. ಮೊದಲು ಸೈಕಲ್ ಟ್ಯೂಬಿನ ರಬ್ಬರ್ ಹಾಕಿದ್ದೆ, ಒಂದೇ ರಾತ್ರಿಯಲ್ಲಿ ಕಚ್ಚಿ ಹರಿದು ಒಳಗೆ ಹೋಗಿತ್ತು. ಎರಡನೆಯದು ಎಣ್ಣೆ ಡಬ್ಬಿಯ ತಗಡು, ತಂತಿಯಲ್ಲಿ ಪೋಣಿಸಿದ್ದು. ಅಂಚು ಮಡಚಿದ್ದೆ, ಕೊಯ್ಯಬಾರದು ಅಂತ. ನಾಲ್ಕರಲ್ಲಿ ಮೂರು ಬಾಯಿಗೆ ಕಾಗದದ ಉಂಡೆ ತುರುಕಿ, ಒಂದಕ್ಕೆ ಈ ಪೈಪ್ ಕೂರಿಸಿ ಸುತ್ತ ಕಲ್ಲು ಒತ್ತಿದೆ. ಗಟಾರದ ಕಡೆಯ ಪೈಪಿನ ತುದಿಗೆ ಜಾಲಿ ಕಟ್ಟಿದೆ. ಎರಡು ರಾತ್ರಿ ತಗಡಿನ ಹೊರಗೆ ಹೆಜ್ಜೆ, ಪರಚಿದ ಗುರುತು. ಮೂರು, ನಾಲ್ಕು, ಐದನೇ ರಾತ್ರಿ ಏನಿಲ್ಲ. ಕಾಗದದ ಉಂಡೆಗಳು ತುರುಕಿದ ಹಾಗೇ ಇದ್ದವು. ಒಳಗೆ ಯಾರೂ ಇಲ್ಲ.

ಆರನೇ ದಿನ ಗೌಂಡಿ ಬಂದ. ಒಡೆದ ಪೈಪು ತೆಗೆದು ಹೊಸದು ಹಾಕಿ, ಜಾಯಿಂಟಿಗೆ ಸೊಲ್ಯೂಷನ್ ಹಚ್ಚಿ, ಮೇಲೂ ಕೆಳಗೂ ಕಬ್ಬಿಣದ ಜಾಲಿ ಕೂರಿಸಿದ. ಫರ್ಸಿ ಕೆಳಗಿನ ಟೊಳ್ಳಿಗೆ ಪಕ್ಕದ ಕಟ್ಟಡದವರು ಬಿಟ್ಟಿದ್ದ ನಲವತ್ತು ಎಂಎಂ ಜಲ್ಲಿ ತುಂಬಿದೆವು, ಅವರೇ ತಗೊಂಡು ಹೋಗಿ ಅಂದಿದ್ದರು. ಬರೀ ಮಣ್ಣು ತುಂಬಿದರೆ ಅದು ಮತ್ತೆ ಅಗೆಯುತ್ತದೆ. ದಪ್ಪ ಜಲ್ಲಿ ಅಗೆದರೆ ಮೇಲಿನಿಂದ ಮತ್ತೆ ಉರುಳಿ ಬೀಳುತ್ತದೆ, ಬಿಲ ನಿಲ್ಲುವುದೇ ಇಲ್ಲ.

ಗೋಡೆಯ ಹೊರಬದಿಗೆ, ಗಟಾರದ ಪಕ್ಕ, 24 ಅಡಿ ಉದ್ದ ಒಂದೂವರೆ ಅಡಿ ಆಳದ ಕಾಲುವೆ ತೋಡಿದೆವು. ಮೂರು ಅಡಿ ಅಗಲದ, ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಇಳಿಸಿದೆವು. ಅರ್ಧ ಅಡಿ ನೆಲದ ಮೇಲೆ, ಒಂದೂವರೆ ಅಡಿ ನೆಲದೊಳಗೆ, ಉಳಿದ ಒಂದು ಅಡಿಯನ್ನು ತಳದಲ್ಲಿ ಹೊರಗೆ ಮಡಚಿ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಆ ಮಡಿಕೆಯೇ ಜೀವಾಳ. ಹೆಗ್ಗಣ ಗೋಡೆ ಬುಡಕ್ಕೇ ಬಂದು ನೆಟ್ಟಗೆ ಕೆಳಗೆ ಅಗೆಯುತ್ತದೆ, ಜಾಲರಿ ತಾಗುತ್ತದೆ, ಇನ್ನೂ ಅಗೆಯುತ್ತದೆ, ಕಾಲ ಕೆಳಗೂ ಜಾಲರಿ. ಒಂದು ಅಡಿ ಹಿಂದೆ ಸರಿದು ಅಗೆಯೋಣ ಅನ್ನೋ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕೋಳಿ ಜಾಲರಿ ಅಗ್ಗ ಅಂತ ತರಬೇಡಿ, ಆ ತೆಳು ತಂತಿ ಹಲ್ಲಿಗೆ ನಿಲ್ಲುವುದಿಲ್ಲ.

ಲೆಕ್ಕ ಬರೆಯುವವನಲ್ವಾ, ಖರ್ಚು ಬರೆದಿಟ್ಟಿದ್ದೇನೆ. ಜಾಲರಿ ಅಡಿಗೆ 45ರಂತೆ 1,080. ಪೈಪು, ಎಲ್ಬೋ, ಸೊಲ್ಯೂಷನ್ 740. ಎರಡು ಜಾಲಿ 220. ಒಂದು ಚೀಲ ಸಿಮೆಂಟ್ 390. ಗೌಂಡಿ ಮತ್ತು ಆಳಿನ ದಿನಗೂಲಿ 1,500, ಬಾಣಂತಿ ಲೆಕ್ಕದ ಅರ್ಧ ದಿನ 450. ಒಟ್ಟು 4,380. ಡಾಂಬರು ಗುಳಿಗೆ, ಯಂತ್ರ, ಬೋನು ಸೇರಿ 1,369 ದಂಡ. ಎರಡೂ ಕೂಡಿಸಿದರೂ ಆ ಪೆಸ್ಟ್ ಕಂಟ್ರೋಲ್‌ನವನು ಕೇಳಿದ್ದಕ್ಕಿಂತ ಕಡಿಮೆ. ಕಾಲುವೆ ನಾನೇ ತೋಡಿದ್ದು, ಸೊಂಟ ನೋವಿನ ಖರ್ಚು ಇದರಲ್ಲಿ ಸೇರಿಲ್ಲ.

2025ರ ಮೇ ತಿಂಗಳಲ್ಲಿ ಎರಡನೇ ಬೆಳೆ ಕೊಯ್ಲಾದ ಮೇಲೆ ನಿಜವಾದ ಪರೀಕ್ಷೆ. ಗೋಡೆ ಆಚೆ ಎರಡು ಕಡೆ ಹೊಸದಾಗಿ ಅಗೆದ ಗುಂಡಿ ಕಂಡಿತು, ಎರಡು ಗೇಣು ಆಳ, ತಳದಲ್ಲಿ ಜಾಲರಿ ಹೊಳೆಯುತ್ತಿತ್ತು. ಅಲ್ಲಿಗೇ ಬಿಟ್ಟು ಹೋಗಿದ್ದವು. ಹಿತ್ತಲಲ್ಲಿ ಫರ್ಸಿ ತಟ್ಟಿದರೆ ಎಲ್ಲ ಕಲ್ಲೂ ಟಣ್ ಅನ್ನುತ್ತವೆ, ಮೂಲೆಯ ಒಂದು ಕಲ್ಲು ಬಿಟ್ಟು. ಅದರ ಕೆಳಗೆ ಜಲ್ಲಿ ಸರಿಯಾಗಿ ಕೂತಿಲ್ಲ ಅಂತ ಗೌಂಡಿ ಹೇಳುತ್ತಾನೆ. ಇರಬಹುದು.

ಕೋಳಿ ಸಾಕಿದ ಮನೆಯವರ ಹತ್ತಿರ ಹೋಗಿ, ನಿಮ್ಮ ಬಗ್ಗೆ ಸುಮ್ನೆ ಏನೇನೋ ಅಂದಿದ್ದೆ ಅಂತ ಒಪ್ಪಿಕೊಂಡೆ. ಅವರು ನಕ್ಕು, ಎರಡು ತಿಂಗಳಿಂದ ನಮ್ಮ ಬಚ್ಚಲ ಹತ್ತಿರ ಡಬ ಡಬ ಅಂತದೆ, ನಿಮ್ಮ ಮಗಳನ್ನು ಸ್ವಲ್ಪ ರಂಗೋಲಿ ಪುಡಿ ಜೊತೆ ಕಳಿಸಿ ಅಂದರು.